ಮೊದಲ ಹನಿಯ ಒತ್ತಡ

ಮೂತ್ರಪಿಂಡ ಸೋತವರ ಹೊಟ್ಟೆಯೊಳಗೆ ಪಿಂಗಾಣಿಯ ಒಂದು ಬಿಲ್ಲೆ ಕೂರಿಸಿದರೆ ಅವರು ಡಯಾಲಿಸಿಸ್ ಯಂತ್ರದ ಹಂಗಿಲ್ಲದೆ ಬದುಕಬಹುದು ಎಂದು ವಿಜಯಾ ಹಳ್ಳಿಕೇರಿ ಮೊದಲ ಸಲ ಹೇಳಿದಾಗ ಸಭೆಯಲ್ಲಿದ್ದ ಯಾರೂ ನಗಲಿಲ್ಲ. ಹಾಗೆಂದು ನಂಬಲೂ ಇಲ್ಲ. ಧಾರವಾಡದ ಹೊರವಲಯದ ಆ ಸಣ್ಣ ಪ್ರಯೋಗಾಲಯ ಅದುವರೆಗೆ ಮಾಡಿದ್ದೆಲ್ಲ ಕಾರ್ಖಾನೆಗಳ ಕೊಳೆನೀರು ಸೋಸುವ ಪಿಂಗಾಣಿ ಕೊಳವೆಗಳನ್ನು. ನೀರು ಸೋಸಿದವರು ನೆತ್ತರು ಸೋಸಲು ಹೊರಟರೆ ಜನ ಹುಬ್ಬೇರಿಸದೆ ಇರುತ್ತಾರೆಯೇ?

ಲೆಕ್ಕಾಚಾರವೇನೋ ಸರಳವಾಗಿಯೇ ಇತ್ತು. ನೆತ್ತರಿನಿಂದ ಹೊರಹೋಗಬೇಕಾದ ಕಸದ ಕಣಗಳು ಚಿಕ್ಕವು. ಒಳಗೇ ಉಳಿಯಬೇಕಾದ ಪ್ರೋಟೀನು ಅದಕ್ಕಿಂತ ತುಸು ದೊಡ್ಡದು. ಇವೆರಡರ ನಡುವಿನ ಅಳತೆಯ ರಂಧ್ರ ಬೇಕು. ಅಂದರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲು. ಅಂಥದೊಂದು ರಂಧ್ರ ಮಾಡುವುದು ವಿಜಯಾಗೆ ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಕೋಟಿಗಟ್ಟಲೆ ರಂಧ್ರಗಳನ್ನು ಒಂದೇ ಅಳತೆಯಲ್ಲಿ ಮಾಡುವುದರಲ್ಲಿ. ನುಣುಪಾದ ಪುಡಿಯನ್ನು ಒತ್ತಿ ಕುಲುಮೆಯಲ್ಲಿ ಸುಟ್ಟಾಗ ಕಣಕ್ಕೂ ಕಣಕ್ಕೂ ನಡುವೆ ಉಳಿಯುವ ಸಂದುಗಳೇ ಪಿಂಗಾಣಿಯ ರಂಧ್ರಗಳು. ಕಾವು ಹೆಚ್ಚಿಸಿದರೆ ಸಂದು ಕಿರಿದಾಗುತ್ತದೆ, ಇಳಿಸಿದರೆ ಹಿರಿದಾಗುತ್ತದೆ. ಆದರೆ ಎಲ್ಲೋ ಒಂದು ಕಡೆ ನಾಲ್ಕು ಕಣಗಳು ಸರಿಯಾಗಿ ಮೈಗೂಡದೆ ಹೋಗುತ್ತವೆ, ಅಲ್ಲೊಂದು ದೊಡ್ಡ ಬಾಯಿ ಉಳಿದುಬಿಡುತ್ತದೆ. ಅಂಥ ಕೆಲವೇ ಕೆಲವು ಬಾಯಿಗಳು ಸಾಕು, ಪ್ರೋಟೀನು ಸೋರಿ ಮನುಷ್ಯ ಊದಿಕೊಳ್ಳಲು.

ಪ್ರತಿ ಬಿಲ್ಲೆಯ ರಂಧ್ರಗಳ ಅಳತೆಯೂ ಪರದೆಯ ಮೇಲೆ ಗುಡ್ಡದಾಕಾರದ ಗೆರೆಯಾಗಿ ಮೂಡುತ್ತಿತ್ತು. ಗುಡ್ಡ ಚೆನ್ನಾಗಿಯೇ ಇರುತ್ತಿತ್ತು. ಆದರೆ ಬಲಗಡೆಗೆ ಸಣ್ಣದೊಂದು ಬಾಲ ಎಳೆದುಕೊಂಡಿರುತ್ತಿತ್ತು. ಕುಲುಮೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಎಂಜಿನಿಯರು ಕಿತ್ತೂರರು ಪ್ರತಿ ಸಲವೂ ಆ ಬಾಲವನ್ನು ನೋಡಿ, "ಈ ಮಂಗ್ಯಾ ಇನ್ನೂ ಇಳದಿಲ್ಲ ನೋಡ್ರಿ ಮೇಡಂ," ಎನ್ನುತ್ತಿದ್ದರು.

ವಿಜಯಾಗೆ ಅದು ಬರಿಯ ಗೆರೆಯಾಗಿರಲಿಲ್ಲ. ಅವಳ ಗಂಡ ಗುರುಪಾದ, ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದವನು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ. ಅವಳು ಈ ಕೆಲಸಕ್ಕೆ ಕೈಹಾಕಿದ್ದು ಅವನಿಗಾಗಿ ಎಂದು ಎಲ್ಲರೂ ತಿಳಿದಿದ್ದರು. ನಿಜವೆಂದರೆ ಅವಳು ಕೆಲಸ ಶುರುಮಾಡಿದ ಮೇಲೆಯೇ ಅವನಿಗೆ ಕಾಯಿಲೆ ಬಂದದ್ದು. ಅದನ್ನು ಜನರಿಗೆ ತಿಳಿಹೇಳುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಗುರುಪಾದನ ಪಕ್ಕದ ಹಾಸಿಗೆ ದಿಲ್‌ಶಾದಳದು. ಮಾಳಾಪುರದಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಅಂಗಡಿ ಇಟ್ಟಿದ್ದ ಹೆಂಗಸು. ನಾಲ್ಕು ತಾಸು ಯಂತ್ರಕ್ಕೆ ಕಟ್ಟಿಹಾಕಿದಂತೆ ಮಲಗಿರುವಾಗ ಅವರಿಬ್ಬರ ವಾದ ಮಾತ್ರ ನಿಲ್ಲುತ್ತಿರಲಿಲ್ಲ. ಚಡ್ಡಿಯ ಅಳತೆ ಸರಿಯಿಲ್ಲದೆ ತನ್ನ ಹುಡುಗರು ಓಟದಲ್ಲಿ ಸೋತರೆಂದು ಅವನು, ಹುಡುಗರಿಗೆ ಓಡುವುದನ್ನು ಕಲಿಸದೆ ಚಡ್ಡಿಯ ಮೇಲೆ ತಪ್ಪು ಹೊರಿಸುತ್ತಾನೆಂದು ಅವಳು. ಅವರ ಆಚೆಗೆ ಬಸಯ್ಯ ಮಾಸ್ತರರು ಮಲಗಿ, "ನಿಮ್ಮ ಜಗಳಾ ಕೇಳಾಕರ ನಾ ಜೀವಂತ ಇರಬೇಕು," ಎಂದು ನಗುತ್ತಿದ್ದರು.

ಯುಗಾದಿಯ ಹಿಂದಿನ ದಿನ ಗುರುಪಾದ ಅಡಿಗೆಮನೆಯಲ್ಲಿ ಶ್ರೀಖಂಡಕ್ಕೆ ಮೊಸರು ಕಟ್ಟುತ್ತಿದ್ದ. ವಿಜಯಾಳ ಅಕ್ಕನ ಮನೆಯವರು ಊಟಕ್ಕೆ ಬರುವವರಿದ್ದರು. ತಾನು ಒಂದು ಚಮಚೆಗಿಂತ ಹೆಚ್ಚು ತಿನ್ನುವಂತಿಲ್ಲದಿದ್ದರೂ ಶ್ರೀಖಂಡ ಮಾತ್ರ ತನ್ನ ಕೈಯಿಂದಲೇ ಆಗಬೇಕೆಂಬ ಹಟ ಅವನದು. ಹಳೆಯ ಧೋತರದ ತುಂಡಿನಲ್ಲಿ ಮೊಸರು ಸುರಿದು, ಗಂಟು ಕಟ್ಟಿ, ನಳದ ಕೊರಳಿಗೆ ತೂಗುಹಾಕಿದ. ಕೆಳಗಿನ ಪಾತ್ರೆಗೆ ಬೆಳ್ಳಗೆ ಮೊಸರೇ ಇಳಿಯತೊಡಗಿತು.

"ಅಯ್ಯ, ಬಟ್ಟಿ ಸವದೈತಿ. ಬ್ಯಾರೆ ಕೊಡ್ತೀನಿ ತಡೀರಿ," ಎಂದಳು ವಿಜಯಾ.

"ಬ್ಯಾಡ ಬಿಡು. ಎಲ್ಲಿ ತೂತು ದೊಡ್ಡದೈತಿ ಅಲ್ಲೇ ಮೊಸರು ನುಗ್ಗತೈತಿ, ಅದ ಮುಚ್ಕೊಂತೈತಿ. ಒಂದ್ಹತ್ತು ನಿಮಿಷ ನೋಡು."

ಅವನು ಹೇಳಿದಂತೆಯೇ ಆಯಿತು. ಬೆಳ್ಳಗಿದ್ದದ್ದು ತಿಳಿಯಾಗುತ್ತ ಬಂದು, ಕೊನೆಗೆ ಹಸಿರು ಛಾಯೆಯ ತಿಳಿನೀರು ತೊಟ್ಟಿಕ್ಕಿತು. ಎಷ್ಟೋ ಯುಗಾದಿಗಳಲ್ಲಿ ಅವಳು ನೋಡಿದ್ದ ದೃಶ್ಯವೇ ಅದು. ಈ ಸಲ ಮಾತ್ರ ಅವಳು ಕೈಯಲ್ಲಿದ್ದ ಏಲಕ್ಕಿಯನ್ನು ಕುಟ್ಟುವುದು ಬಿಟ್ಟು ನಿಂತಳು. ದೊಡ್ಡ ಬಾಯಿಗಳನ್ನು ಕಿರಿದಾಗಿಸಲೆಂದು ತಾವು ಬಿಲ್ಲೆಯನ್ನು ಸೂಕ್ಷ್ಮ ಕಣಗಳಿದ್ದ ಲೇಪನದ ದ್ರವದಲ್ಲಿ ನೆನೆಸಿಡುತ್ತಿದ್ದರು. ನೆನೆಸಿದರೆ ಸಣ್ಣ ರಂಧ್ರಕ್ಕೂ ದೊಡ್ಡದಕ್ಕೂ ಒಂದೇ ದಪ್ಪದ ಲೇಪ. ಹರಿಯಬಿಟ್ಟರೆ? ರಂಧ್ರದ ಅಗಲ ಇಮ್ಮಡಿಯಾದರೆ ಅದರೊಳಗಿನ ಹರಿವು ಹದಿನಾರು ಪಟ್ಟಾಗುತ್ತದೆ. ಹರಿವಿನ ಜೊತೆಗೇ ಕಣ ಹೋಗುವುದಾದರೆ ದೊಡ್ಡ ಬಾಯಿ ತನ್ನ ಪಾಲನ್ನು ತಾನೇ ಎಳೆದುಕೊಳ್ಳುತ್ತದೆ. ಯಾವುದು ದೊಡ್ಡದೆಂದು ಹುಡುಕುವ ಕೆಲಸವೇ ಇಲ್ಲ.

ಅಂದುಕೊಂಡಷ್ಟು ಸುಲಭವಾಗಿ ಅದೇನೂ ಕೈಗೂಡಲಿಲ್ಲ. ಮೊದಲ ಬಿಲ್ಲೆಗಳು ಪೂರ್ತಿ ಕಟ್ಟಿಕೊಂಡು ಕಲ್ಲಿನ ಬಿಲ್ಲೆಗಳಾದವು. ಕಣಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ದ್ರವದ ಹುಳಿ ಹದಗೊಳಿಸುವುದಕ್ಕೇ ಮಳೆಗಾಲ ಕಳೆಯಿತು. ಹರಿವು ಎಷ್ಟಕ್ಕಿಳಿದಾಗ ನಿಲ್ಲಿಸಬೇಕು, ಕೂತ ಕಣ ಮತ್ತೆ ಏಳದಂತೆ ಎಷ್ಟು ಕಾವು ಕೊಡಬೇಕು ಎಂದು ಕಿತ್ತೂರರು ಕುಲುಮೆಯ ಮುಂದೆ ತಪಸ್ಸಿಗೆ ಕೂತಂತೆ ಕೂತರು. ಒಂದು ಮಧ್ಯಾಹ್ನ ಪರದೆಯ ಮೇಲೆ ಗುಡ್ಡವೊಂದೇ ಮೂಡಿತು. ಬಲಗಡೆ ಏನೂ ಇರಲಿಲ್ಲ. ಕಿತ್ತೂರರು ಯಂತ್ರ ಕೆಟ್ಟಿದೆಯೆಂದು ಮೂರು ಸಲ ಮತ್ತೆ ಅಳೆದರು. ಆಮೇಲೆ ಕುರ್ಚಿಯಲ್ಲಿ ಒರಗಿ, "ಮಂಗ್ಯಾ ಇಳೀತ್ರಿ," ಎಂದವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತರು.

ಆಡುಗಳ ಮೇಲೆ ಪ್ರಯೋಗವಾಯಿತು. ಬಿಲ್ಲೆಯ ಹಿಂದೆ ಕೂರಿಸುವ ಜೀವಕೋಶಗಳ ಡಬ್ಬಿ, ಅಂದರೆ ಸೋಸಿ ಬಂದ ನೀರಿನಿಂದ ಬೇಕಾದ ಉಪ್ಪು-ನೀರನ್ನು ನೆತ್ತರಿಗೆ ಹಿಂತಿರುಗಿಸುವ ಭಾಗ, ಬೇರೊಂದು ಊರಿನ ತಂಡದಿಂದ ಬಂತು. ಪಂಪು ಬೇಕಿರಲಿಲ್ಲ, ಹೃದಯದ ಒತ್ತಡವೇ ಸಾಕಿತ್ತು. ಕೊನೆಗೆ ಅನುಮತಿ ನೀಡುವ ಸಮಿತಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಬಿಲ್ಲೆ ಹಾಕಬಹುದೆಂದಿತು. ಸಂಶೋಧಕರ ಮನೆಯವರು ಆಗಕೂಡದು ಎಂಬ ನಿಯಮವೂ ಇತ್ತು.

ಕಿತ್ತೂರರು ಒಂದು ದಿನ ಬಾಗಿಲು ಮುಚ್ಚಿಕೊಂಡು ಬಂದು, "ನೀವು ಯೋಜನೆಯಿಂದ ಹೊರಗ ಬಂದ್ರ ಗುರುಪಾದ ಸರ್ ಅರ್ಜಿ ಹಾಕಬಹುದಲ್ರಿ. ನಾ ಇಲ್ಲಿ ನೋಡ್ಕೊಂತೀನಿ," ಎಂದರು.

ವಿಜಯಾ ಅದನ್ನು ಮನೆಯಲ್ಲಿ ಹೇಳಿದಾಗ ಗುರುಪಾದ ಚಪ್ಪರದವರೆ ಸುಲಿಯುತ್ತಿದ್ದ. ಕೈಯಲ್ಲಿದ್ದ ಕಾಯಿಗಳನ್ನು ಸುಲಿದು ಮುಗಿಸಿದ.

"ನಂಗ ಹಾಕಿದ ಬಿಲ್ಲಿ ಕೆಟ್ಟರ ನೀ ನನ್ನ ಮಾರಿ ನೋಡ್ತಿ, ಗ್ರಾಫ್ ನೋಡಾಂಗಿಲ್ಲ," ಎಂದ ಕೊನೆಗೆ. "ಮೊದಲನೇದು ಯಾರಿಗರ ಹಾಕಲಿ, ನೀ ಅಲ್ಲಿ ಕಣ್ಣಿಟ್ಟು ಕೂಡ್ರಬೇಕು. ಹೊರಗ ಬರೂ ಮಾತು ತಗೀಬ್ಯಾಡ."

"ನಿಮಗ ಆಸೆ ಇಲ್ಲೇನು?"

"ಇಲ್ಲದ ಏನ? ಭಾಳ ಐತಿ. ಅದಕ್ಕ ಲಗೂನ ಹೇಳಿ ಮುಗಿಸೀನಿ. ನಾಳೆ ಕೇಳಿದ್ರ ಬ್ಯಾರೆ ಹೇಳೇನು."

ಅವಳು ಎದ್ದುಹೋಗಿ ಹಿತ್ತಲಲ್ಲಿ ನಿಂತಳು. ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೂ ಈ ಮನುಷ್ಯ ತನಗೆ ಪೂರ್ತಿ ಗೊತ್ತಿಲ್ಲವಲ್ಲ ಎನ್ನಿಸಿತು.

ಮುಂದೆ ಬಂದ ಅರ್ಜಿಗಳಲ್ಲಿ ಪರೀಕ್ಷೆಗಳೆಲ್ಲ ಹೊಂದಿದ್ದು ದಿಲ್‌ಶಾದಳಿಗೆ. ಅಪಾಯಗಳನ್ನು ವಿಜಯಾ ಒಂದೊಂದಾಗಿ ವಿವರಿಸಿದಳು. ದಿಲ್‌ಶಾದ್ ಎಲ್ಲವನ್ನೂ ಕೇಳಿ, "ಅಕ್ಕಾರ, ನೀವು ಇಷ್ಟ ಅಂಜಿಸಿದ ಮ್ಯಾಲೆ ನಂಗ ನಂಬಿಗಿ ಬಂತ್ರಿ. ಮಾಲು ಮಾರಾವ್ರು ಹಿಂಗ ಹೇಳಾಂಗಿಲ್ಲ," ಎಂದು ಹೆಬ್ಬೆಟ್ಟಿನಿಂದ ಕಣ್ಣಿನ ಕಾಡಿಗೆ ಸರಿಮಾಡಿಕೊಂಡಳು.

ಶಸ್ತ್ರಚಿಕಿತ್ಸೆಯಾಯಿತು. ಪ್ರಯೋಗಾಲಯದ ಒಂದು ಕೋಣೆಯೇ ಅವಳ ನಿಗಾ ಕೋಣೆಯಾಯಿತು. ಬಿಲ್ಲೆಯೊಳಗಿನ ಸೂಕ್ಷ್ಮ ಸಂವೇದಕ ಕಳಿಸುವ ಸುದ್ದಿ ಅಲ್ಲಿನ ಪರದೆಗಳ ಮೇಲೆ ಮೂಡುತ್ತಿತ್ತು: ಒತ್ತಡ, ಹರಿವು, ಪ್ರೋಟೀನು. ಪ್ರೋಟೀನಿನ ಗೆರೆ ನೆಲ ಹಿಡಿದು ಮಲಗಿತ್ತು, ಮೇಲೇಳಲೇ ಇಲ್ಲ. ದಿಲ್‌ಶಾದ್ ಅಂಗಡಿಗೆ ಮರಳಿದಳು. ವರ್ಷಗಳಿಂದ ಊರು ಬಿಟ್ಟು ಒಂದು ದಿನವೂ ಇರಲಾಗದಿದ್ದವಳು ವಿಜಯಪುರಕ್ಕೆ ತಂಗಿಯ ಮಗಳ ಮದುವೆಗೆ ಹೋಗಿ ವಾರವಿಡೀ ಇದ್ದು ಬಂದಳು. ಅಲ್ಲಿ ಪಥ್ಯದಲ್ಲಿ ಮುಟ್ಟುವಂತಿಲ್ಲದಿದ್ದ ಎರಡು ದಾಳಿಂಬೆ, ಲೋಟಗಟ್ಟಲೆ ಮಜ್ಜಿಗೆ, ಯಾರೂ ಬೇಡವೆನ್ನದಿದ್ದುದರಿಂದ ಇನ್ನೂ ಏನೇನೋ ತಿಂದು ಕುಡಿದೆನೆಂದು ನಿಗಾ ಕೋಣೆಗೆ ಬಂದು ವರದಿ ಒಪ್ಪಿಸಿದಳು. ಕಿತ್ತೂರರು ಪರದೆ ನೋಡಿ, "ಗೊತ್ತಾತ್ರಿ, ಬುಧವಾರ ಮಜ್ಜಿಗಿ ಭಾಳ ಕುಡದೀರಿ," ಎಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಆದರೆ ಎರಡನೆಯವರಿಗೆ ಬಿಲ್ಲೆ ಸಿಗುವುದು ದೂರವೇ ಉಳಿಯಿತು. ದೇಹದೊಳಗೆ ಐದು ವರ್ಷ ಬಿಲ್ಲೆ ಬಾಳಿದ್ದನ್ನು ನೋಡದೆ ಮುಂದಿನ ಅನುಮತಿ ಇಲ್ಲ ಎಂದಿತು ಸಮಿತಿ. ಪರದೆಯ ಗೆರೆ ನೇರವಾಗಿದ್ದರೆ ಸಾಲದು; ಲೇಪ ಒಳಗೊಳಗೇ ಸವೆಯುತ್ತಿದ್ದರೆ? ಒಂದು ದಿನ ಒಮ್ಮೆಗೇ ಬಾಯಿ ಬಿಟ್ಟರೆ? ಅವರ ಮಾತಿನಲ್ಲಿ ತಪ್ಪಿರಲಿಲ್ಲ. ವಿಜಯಾ ಅವರ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳು. ಇತ್ತ ಯಂತ್ರದ ಸೂಜಿ ಚುಚ್ಚುವ ಗುರುಪಾದನ ತೋಳಿನ ರಕ್ತನಾಳ ಎರಡು ಸಲ ಕಟ್ಟಿಕೊಂಡು, ಈಗ ಕೊರಳ ಬಳಿ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸುತ್ತಿದ್ದರು. ಐದು ವರ್ಷ ಎಂಬ ಮಾತನ್ನು ಅವರಿಬ್ಬರೂ ಮನೆಯಲ್ಲಿ ಆಡುತ್ತಿರಲಿಲ್ಲ.

ಚಳಿಗಾಲದ ಕೊನೆಯಲ್ಲಿ ಬಸಯ್ಯ ಮಾಸ್ತರರು ತೀರಿಕೊಂಡರು. ಮುಂದಿನ ಬಿಲ್ಲೆ ತನ್ನದೇ ಎಂದು ವಾರ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದ ಮುದುಕರು. ಮಣ್ಣಿಗೆ ಹೋಗಿಬಂದ ಮರುದಿನ ದಿಲ್‌ಶಾದ್ ಪ್ರಯೋಗಾಲಯಕ್ಕೆ ಬಂದಳು. ಬಂದವಳು ಕೂರಲಿಲ್ಲ.

"ಅಕ್ಕಾರ, ಒಂದ್ ಮಾತು ಕೇಳ್ತೀನಿ. ಈ ಬಿಲ್ಲಿ ಹೊರಗ ತಗದು ನೋಡಿದ್ರ ಐದು ವರ್ಷ ಕಾಯೂದು ತಪ್ಪತೈತೇನ್ರಿ?"

ಉತ್ತರ ವಿಜಯಾಗೆ ಗೊತ್ತಿತ್ತು. ವರ್ಷದ ಮೇಲೆ ದೇಹದಲ್ಲಿದ್ದ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಅಳೆದರೆ ಸವೆತ ಎಷ್ಟು, ಮುಂದೆ ಎಷ್ಟಾದೀತು ಎಂದು ಖಚಿತವಾಗಿ ಹೇಳಬಹುದು. ಸಮಿತಿಗೂ ಅದು ಸಾಕಾಗಬಹುದು. ಆದರೆ ಒಮ್ಮೆ ಹೊರತೆಗೆದ ಬಿಲ್ಲೆಯನ್ನು ಮತ್ತೆ ದೇಹದೊಳಗೆ ಕೂರಿಸುವಂತಿಲ್ಲ.

"ತಗದ್ರ ನೀವು ಮತ್ತ ಯಂತ್ರಕ್ಕ ಹೋಗಬೇಕು," ಎಂದಳು. "ಎಷ್ಟು ದಿನ ಅಂತ ನಂಗೂ ಗೊತ್ತಿಲ್ಲ. ಸಮಿತಿ ಒಪ್ಪದಿದ್ರ ಮತ್ತೊಂದು ಬಿಲ್ಲಿ ಸಿಗಾಂಗೂ ಇಲ್ಲ. ಎರಡನೇ ಸಲ ಹೊಟ್ಟಿ ಕೊಯ್ಯೂದು ಬ್ಯಾರೆ. ದಿಲ್‌ಶಾದ್, ನನ್ನ ಗಂಡ ಆ ಸಾಲಿನ್ಯಾಗ ಅದಾರ. ನಂಗ ಆಸೆ ಐತಿ. ಅದಕ್ಕ ನಾ ಹೂಂ ಅನಬಾರದು, ಊಹೂಂನೂ ಅನಬಾರದು. ನೀವು ಬ್ಯಾರೆ ಡಾಕ್ಟರನ್ನ ಕೇಳ್ರಿ."

"ಕೇಳೇ ಬಂದೀನ್ರಿ. ಅವ್ರು ಬ್ಯಾಡಂದ್ರು. ನಮ್ಮ ತಂಗಿನೂ ಬ್ಯಾಡಂದ್ಳು, ಅತ್ಳು." ದಿಲ್‌ಶಾದ್ ಈಗ ಕುರ್ಚಿಯ ಅಂಚಿಗೆ ಕೂತಳು. "ಮಾಸ್ತರು ಹೋದ್ರಲ್ರಿ, ಅವರ ಹಾಸಿಗಿ ಸಂಜಿಗೇ ಬ್ಯಾರೆಯವ್ರಿಗೆ ಕೊಟ್ರು. ಸಣ್ಣ ಹುಡುಗಿ, ಕಾಲೇಜಿಗೆ ಹೋಗೂಕಿ. ನನ್ನ ನೋಡಿ ಕೇಳಿದ್ಳು, ಆಂಟಿ ನಿಮಗ ಹೆಂಗ ಸಿಕ್ತು ಅಂತ. ಏನ್ ಹೇಳ್ಲಿ? ನಸೀಬು ಅಂದ್ನಿ. ಮನಿಗೆ ಹೋದ ಮ್ಯಾಲೆ ಆ ಮಾತು ನಂಗ ಬಗೀಹರೀಲಿಲ್ರಿ. ನನ್ನ ಹೊಟ್ಟಿಯಾಗ ಐತಿ ಉತ್ತರ, ನಾ ನಸೀಬು ಅಂತೀನಿ."

"ಅಂಜಿಕಿ ಇಲ್ಲೇನು?"

"ಐತ್ರಿ. ಆ ಯಂತ್ರ ನೆನಸ್ಕೊಂಡ್ರ ಈಗ್ಲೂ ಕೈ ತಣ್ಣಗಾಗ್ತಾವು."

ಅವಳು ಕೈ ಚಾಚಿದಳು. ವಿಜಯಾ ಹಿಡಿದು ನೋಡಿದಳು. ನಿಜಕ್ಕೂ ತಣ್ಣಗಿದ್ದವು.

ವಿಷಯ ಸಮಿತಿಗೆ ಹೋಯಿತು. ದಿಲ್‌ಶಾದಳನ್ನು ವಿಜಯಾಳಿಂದ ದೂರ ಕೂರಿಸಿ, ಯಾರಾದರೂ ಒತ್ತಾಯಿಸಿದ್ದಾರೆಯೇ ಎಂದು ಸಮಿತಿಯ ವೈದ್ಯರು ಬೇರೆ ಬೇರೆ ದಿನ ಕೇಳಿದರು. ಅವಳ ಉತ್ತರ ಬದಲಾಗಲಿಲ್ಲ. ಬಿಲ್ಲೆ ತೆಗೆದರು. ದಿಲ್‌ಶಾದ್ ಮತ್ತೆ ತನ್ನ ಹಳೆಯ ವಾರ್ಡಿಗೆ, ಗುರುಪಾದನ ಪಕ್ಕದ ಹಾಸಿಗೆಗೇ ಬಂದಳು.

"ಮತ್ತ ಬಂದ್ನಿ ನೋಡ್ರಿ ಸರ್. ನಿಮ್ಮ ಹುಡುಗ್ರ ಚಡ್ಡಿ ಸರಿ ಅದಾವೇನು?" ಎಂದಳಂತೆ.

ಗುರುಪಾದ ಅಂದು ಮನೆಗೆ ಬಂದು ಹೆಂಡತಿಗೆ ಇಷ್ಟೇ ಹೇಳಿದ: "ನಾ ಮಕ್ಕಳಿಗೆ ಧೈರ್ಯ ಕಲಸ್ತೀನಿ ಅಂತ ಪಗಾರ ತಗೊಂಡೆ ವಿಜಯಾ. ಧೈರ್ಯ ಅಂದ್ರೇನಂತ ಇವತ್ತು ನೋಡಿದೆ."

ಅಳತೆಯ ದಿನ ಸಮಿತಿಯಿಂದ ಇಬ್ಬರು ಪರಿಶೀಲಕರು ಬಂದರು. ವಿಜಯಾ ಯಂತ್ರ ಮುಟ್ಟಲಿಲ್ಲ. ಗೋಡೆಗೆ ಒರಗಿ ಹಿಂದೆ ನಿಂತಳು. ಬಿಲ್ಲೆಯನ್ನು ಒಂದು ದ್ರವದಲ್ಲಿ ನೆನೆಸಿ, ಅದರೊಡನೆ ಬೆರೆಯದ ಇನ್ನೊಂದು ದ್ರವವನ್ನು ಕೆಳಗಿನಿಂದ ಒತ್ತುವುದು ವಿಧಾನ. ರಂಧ್ರ ದೊಡ್ಡದಿದ್ದಷ್ಟೂ ಕಡಿಮೆ ಒತ್ತಡಕ್ಕೆ ದಾರಿ ಬಿಡುತ್ತದೆ. ಹಾಗಾಗಿ ಮೇಲೆ ಕಾಣುವ ಮೊಟ್ಟಮೊದಲ ಹನಿ ಇಡೀ ಬಿಲ್ಲೆಯ ಅತಿ ದೊಡ್ಡ ರಂಧ್ರದ ಸುದ್ದಿ ಹೇಳುತ್ತದೆ. ಈ ಬಿಲ್ಲೆ ಹೊಸದಿದ್ದಾಗ ಮೊದಲ ಹನಿ ಬಂದಾಗ ಒತ್ತಡದ ಮಾಪಕ ತೊಂಬತ್ತೆರಡು ತೋರಿಸಿತ್ತು. ಎಂಬತ್ತರ ಒಳಗೆ ಬಂದರೆ ಲೇಪ ಸವೆದಿದೆ, ಎಲ್ಲ ಮುಗಿಯಿತು ಎಂದರ್ಥ.

ಕಿತ್ತೂರರು ತಿರುಪನ್ನು ನಿಧಾನವಾಗಿ ತಿರುಗಿಸಿದರು. ಐವತ್ತು. ಅರವತ್ತು. ಗಾಜಿನ ಮುಚ್ಚಳದಡಿ ಬಿಲ್ಲೆ ಹಗಲಿನ ಚಂದ್ರನ ಹಾಗೆ ಬೆಳ್ಳಗೆ ಕೂತಿತ್ತು. ಎಪ್ಪತ್ತೈದಕ್ಕೆ ಅಂಚಿನಲ್ಲೇನೋ ಮಿನುಗಿದಂತಾಗಿ ಪರಿಶೀಲಕರೊಬ್ಬರು ಮುಂದಕ್ಕೆ ಬಾಗಿದರು; ಅದು ಬರಿಯ ದೀಪದ ಬಿಂಬ. ವಿಜಯಾಗೆ ತನ್ನ ಗಂಡನ ನೆನಪಾಗಲಿಲ್ಲ. ತಣ್ಣಗಿನ ಎರಡು ಕೈಗಳ ನೆನಪಾಯಿತು. ಎಂಬತ್ತು ದಾಟಿತು. ಎಂಬತ್ತೈದು. ತೊಂಬತ್ತು. ಕಿತ್ತೂರರ ಹಣೆಯ ಬೆವರು ಹುಬ್ಬಿಗೆ ಇಳಿದರೂ ಅವರು ಒರೆಸಿಕೊಳ್ಳಲಿಲ್ಲ. ತೊಂಬತ್ತೆರಡಕ್ಕೆ ಬರಬೇಕಾದ ಹನಿ ಬರಲಿಲ್ಲ.

ತೊಂಬತ್ತನಾಲ್ಕಕ್ಕೆ ನಡುಭಾಗದಲ್ಲಿ, ಸಾಸಿವೆಗಿಂತ ಚಿಕ್ಕದು, ಒಂದು ಹನಿ ಎದ್ದಿತು.

"ಹೊಸದಕ್ಕಿಂತ ಬಿಗಿಯಾಗಿದೆ!" ಎಂದರು ಪರಿಶೀಲಕರೊಬ್ಬರು, ತಮಗೆ ತಾವೇ ಹೇಳಿಕೊಂಡಂತೆ.

ಬಿಲ್ಲೆ ಸವೆದಿರಲಿಲ್ಲ. ದಿಲ್‌ಶಾದಳ ನೆತ್ತರಿನದೇ ತೆಳುವಾದ ಪ್ರೋಟೀನಿನ ಪೊರೆ ರಂಧ್ರಗಳ ಒಳಗೋಡೆಗೆ ಅಂಟಿ ಅವುಗಳನ್ನು ಇನ್ನಷ್ಟು ಸಮ ಮಾಡಿತ್ತು. ಈ ಲೆಕ್ಕದಲ್ಲಿ ಹನ್ನೆರಡು-ಹದಿಮೂರು ವರ್ಷಕ್ಕೆ ರಂಧ್ರಗಳು ತೀರ ಕಿರಿದಾಗಿ ಬಿಲ್ಲೆ ಬದಲಿಸಬೇಕಾದೀತು. ಅದನ್ನೂ ವಿಜಯಾ ಮುಚ್ಚಿಡದೆ ಬರೆದುಕೊಟ್ಟಳು. ಅಷ್ಟು ಕಾಲ ಯಂತ್ರವಿಲ್ಲದ ಬದುಕು ಸಿಕ್ಕರೆ ಯಾರು ಬೇಡವೆಂದಾರು? ಸಮಿತಿ ಬೇಸಿಗೆ ಮುಗಿಯುವ ಮೊದಲೇ ಒಪ್ಪಿತು. ಹನ್ನೆರಡು ಮಂದಿಗೆ ಹಾಕಬಹುದು, ಮನೆಯವರಿಗೆ ನಿರ್ಬಂಧವಿಲ್ಲ. ಆದರೆ ಗುರುಪಾದನ ನಿಗಾ ಮಾತ್ರ ವಿಜಯಾಳ ಕೈಯಲ್ಲಿ ಇರಕೂಡದು.

ಸುದ್ದಿಯನ್ನು ಫೋನಿನಲ್ಲಿ ಹೇಳಲು ವಿಜಯಾಗೆ ಮನಸ್ಸಾಗಲಿಲ್ಲ. ಆಸ್ಪತ್ರೆಗೇ ಹೋದಳು. ವಾರ್ಡಿನಲ್ಲಿ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಗುರುಪಾದ ಕಣ್ಣು ಮುಚ್ಚಿದ್ದ. ದಿಲ್‌ಶಾದಳ ಮುಖ ಈ ತಿಂಗಳುಗಳಲ್ಲಿ ಕಪ್ಪಿಟ್ಟು, ಕಾಲು ಊದಿದ್ದವು. ಮಾಸ್ತರರ ಹಾಸಿಗೆಯಲ್ಲಿ ಆ ಕಾಲೇಜು ಹುಡುಗಿ ಪುಸ್ತಕವನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಮಲಗಿದ್ದಳು.

ವಿಜಯಾ ದಿಲ್‌ಶಾದಳ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದಳು. ಹೇಳಿ ಮುಗಿಸಿ ಅವಳ ಕೈ ಹಿಡಿದುಕೊಂಡಳು.

ದಿಲ್‌ಶಾದ್ ಕೇಳುತ್ತ ಮಲಗಿದ್ದವಳು ಮೊಣಕೈಯೂರಿ ಅರ್ಧ ಎದ್ದಳು.

"ಹನ್ನೆರಡರಾಗ ಈ ಹುಡುಗಿ ಅದಾಳೇನ್ರಿ?"

"ಅದಾಳ. ಪರೀಕ್ಷೆ ಹೊಂದ್ಯಾವು."

"ಹಂಗಾರ ಕೇಳ್ರಿ ಅಕ್ಕಾರ. ಮೊದಲನೇದು ನಂಗ. ಎರಡನೇದು ಹುಡುಗಿಗೆ. ಸರ್‌ದು ಮೂರನೇದು. ನಿಮ್ಮ ಗಂಡ ಅಂತ ಸಾಲು ತಪ್ಪಿಸಬ್ಯಾಡ್ರಿ ಮತ್ತ."

ಗುರುಪಾದ ಕಣ್ಣು ಮುಚ್ಚಿಕೊಂಡೇ, "ತಪ್ಪಿಸಿದ್ರ ನಾ ಮನಿಗೇ ಹೋಗಾಂಗಿಲ್ಲ," ಎಂದ. ಹುಡುಗಿ ಪುಸ್ತಕ ಸರಿಸಿ ಎದ್ದು ಕೂತು, ಯಾರ ಮುಖ ನೋಡಬೇಕೆಂದು ತಿಳಿಯದೆ ಮೂವರನ್ನೂ ನೋಡಿದಳು.

ವಿಜಯಾ ಆಗಲೆಂದು ತಲೆಯಾಡಿಸಿದಳು. ಬಿಲ್ಲೆಗಳನ್ನು ಕೂರಿಸುವಾಗ ಸಾಲು ತಪ್ಪಲಿಲ್ಲ.